ಜೊಳ್ಳಿನ ಜೊತೆ ಹಾರಿದ ಕಾಳು

ಕಬಿನಿ ನಾಲೆಯ ನೀರುಣ್ಣುವ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯಲ್ಲಿ ಬತ್ತ ಹಸನು ಮಾಡುವ ಬಗೆ ಒಂದೇ ಅಲ್ಲ. ಕಣದಲ್ಲಿ ಗಾಳಿ ನೋಡಿಕೊಂಡು ತೂರುವುದು ಒಂದು. ಜರಡಿ ಹಿಡಿಯುವುದು ಇನ್ನೊಂದು. ಮೊರದಲ್ಲಿ ಕೇರುವುದು, ಕೊನೆಗೆ ಜಗಲಿಯ ಮೇಲೆ ಕುಳಿತು ಕೈಯಿಂದಲೇ ಕಲ್ಲು ಆರಿಸುವುದು ಮನೆಯ ಹೆಂಗಸರ ಪಾಲಿಗೆ ಬಂದ ಕೆಲಸ. ಈಗ ಕಟಾವು ಯಂತ್ರ ಗದ್ದೆಗೇ ಇಳಿದು ಇವುಗಳಲ್ಲಿ ಹಲವನ್ನು ಮರೆಸಿದೆ. ಆದರೆ ಒಂದೊಂದು ಬಗೆಗೂ ಇರುವ ದೋಷವನ್ನು ರೈತರು ಬಲ್ಲರು. ಗಾಳಿ ಜೋರಾದರೆ ಜೊಳ್ಳಿನ ಜೊತೆ ಹಗುರ ಕಾಳೂ ಹಾರುತ್ತದೆ. ಕಾಳಿನಷ್ಟೇ ಗಾತ್ರದ ಕಲ್ಲನ್ನು ಜರಡಿ ಹಿಡಿಯಲಾರದು. ಕೈಯಿಂದ ಆರಿಸಿದರೆ ತಪ್ಪು ಕಡಿಮೆ, ಆದರೆ ಹೊತ್ತು ಹೋಗುತ್ತದೆ.

ಇದೇ ಪೇಚು ಇ-ಮೇಲ್‌ಗೂ ಇದೆ. ಕೇಳದೆ ಬರುವ ಜಾಹೀರಾತು, ಲಾಟರಿ ಗೆದ್ದಿದ್ದೀರಿ ಎಂಬ ಸುಳ್ಳು, ಬ್ಯಾಂಕಿನ ವೇಷ ಹಾಕಿದ ವಂಚನೆ ಇವೆಲ್ಲಕ್ಕೂ ಒಟ್ಟಾಗಿ 'ಸ್ಪ್ಯಾಮ್' ಎಂದು ಹೆಸರು. ಅದನ್ನು ತಡೆಯಲು ಕಂಪ್ಯೂಟರ್ ತಜ್ಞರು ಮೂರು ದಶಕಗಳಿಂದ ಒಂದರ ಮೇಲೊಂದು ಜರಡಿ ಹೆಣೆಯುತ್ತ ಬಂದಿದ್ದಾರೆ. ಎಷ್ಟು ಜೊಳ್ಳು ಹೋಯಿತು ಎಂಬ ಲೆಕ್ಕವನ್ನು ಅವರು ಹೆಮ್ಮೆಯಿಂದ ಹೇಳುತ್ತಾರೆ. ಯಾರ ಕಾಳು ಹಾರಿಹೋಯಿತು ಎಂಬ ಲೆಕ್ಕ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಕನ್ನಡದಲ್ಲಿ ಬರೆದರೆ ನಂಜನಗೂಡು ಮತ್ತು ನರಸೀಪುರ ಎಂಬ ಎರಡು ಹೆಸರುಗಳೇ ಜರಡಿಯ ಕಣ್ಣಿಗೆ ಅನುಮಾನಾಸ್ಪದವಾಗಿ ಕಾಣುವಂಥ ಒಂದು ಕಾಲವಿತ್ತು. ಅದು ಹೇಗೆಂಬುದನ್ನು ಹೇಳುವ ಮೊದಲು ಕೊಂಚ ಹಿಂದಕ್ಕೆ ಹೋಗಬೇಕು.

ಬೇಡದ ಕಾಗದ ಇ-ಮೇಲ್ ಜೊತೆಗೆ ಹುಟ್ಟಿದ್ದಲ್ಲ. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಅಂಚೆಯಿತ್ತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಾಟಾದ ಅದು ಕಾಗದ ಸಾಗಿಸುವುದರ ಜೊತೆಗೆ ನಾಡಿನ ಒಳಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಅಷ್ಟರಲ್ಲಿ ಅಂಚೆಯ ಅರ್ಥವ್ಯವಸ್ಥೆಯೇ ಬದಲಾಗಿತ್ತು. ಅಂಚೆಚೀಟಿ ಬರುವ ಮೊದಲು ಸಾಗಣೆಯ ಖರ್ಚನ್ನು ಕಾಗದ ಪಡೆಯುವವನ ತಲೆಗೆ ಕಟ್ಟಬಹುದಾಗಿತ್ತು. ಇಂಗ್ಲೆಂಡಿನಲ್ಲಿ 1840ರಿಂದ, ಭಾರತದಲ್ಲಿ 1854ರ ಅಕ್ಟೋಬರ್ 1ರಿಂದ ಚೀಟಿ ಬಂದ ಮೇಲೆ ಕಳುಹಿಸುವವನೇ ಮೊದಲು ಹಣ ಕೊಡುವುದು ರೂಢಿಯಾಯಿತು. ಚೀಟಿ ಹಚ್ಚದ 'ಬೇರಿಂಗ್' ಕಾಗದ ಬಂದರೆ ದಂಡ ತೆತ್ತು ತೆಗೆದುಕೊಳ್ಳಬಹುದು, ಬೇಡವೆಂದು ಹಿಂದಕ್ಕೂ ಕಳುಹಿಸಬಹುದು.

ಈ ಸಣ್ಣ ಖರ್ಚು ಒಂದು ದೊಡ್ಡ ಜರಡಿಯೇ ಆಗಿತ್ತು. ಹಿರಿಯ ಓದುಗರಿಗೆ ದೇವರ ಹೆಸರಿನ ಸರಪಳಿ ಕಾರ್ಡುಗಳು ನೆನಪಿರಬಹುದು. ಇದನ್ನು ಇಷ್ಟು ಜನರಿಗೆ ಬರೆದು ಹಾಕಿದರೆ ಒಳಿತು, ಹರಿದರೆ ಕೇಡು ಎಂಬ ಬೆದರಿಕೆ. ಹದಿನೈದು ಪೈಸೆ ಕಾರ್ಡಿನ ಕಾಲದಲ್ಲಿ ಇಪ್ಪತ್ತೊಂದು ಕಾರ್ಡಿಗೆ ಮೂರು ರೂಪಾಯಿ ಹದಿನೈದು ಪೈಸೆ, ಜೊತೆಗೆ ಬರೆಯುವ ಕೈನೋವು. ಎಂಥ ಭಯಭಕ್ತಿಯೂ ಮೂರನೆಯ ಸರಪಳಿಯ ಹೊತ್ತಿಗೆ ಸೋಲುತ್ತಿತ್ತು.

ಇ-ಮೇಲ್ ಈ ಜರಡಿಯನ್ನು ಕಿತ್ತುಹಾಕಿತು. ಸಾವಿರ ಜನರಿಗೆ ಕಳುಹಿಸಿದರೂ ಹತ್ತು ಜನರಿಗೆ ಕಳುಹಿಸಿದರೂ ಖರ್ಚು ಹೆಚ್ಚುಕಡಿಮೆ ಒಂದೇ. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟಗಾರ ಗ್ಯಾರಿ ಥರ್ಕ್, ತನ್ನ ಕಂಪನಿಯ ಹೊಸ ಕಂಪ್ಯೂಟರ್ ನೋಡಲು ಬನ್ನಿ ಎಂದು ಆಗಿನ 'ಅರ್ಪಾನೆಟ್' ಜಾಲದ ಸುಮಾರು 400 ಜನರಿಗೆ ಒಂದೇ ಓಲೆ ಕಳುಹಿಸಿದ. ಜಾಲದವರು ಗದರಿಸಿದರು. ಆದರೆ ವ್ಯಾಪಾರ ಚೆನ್ನಾಗಿಯೇ ಕುದುರಿತೆಂದು ಆತ ಮುಂದೆ ಹೇಳಿಕೊಂಡ. ಇಡೀ ಕಥೆಯ ಬೀಜ ಅಲ್ಲಿಯೇ ಇದೆ. 1982ರಲ್ಲಿ ಇ-ಮೇಲ್ ಸಾಗಣೆಯ ನಿಯಮಾವಳಿ ಬರೆದಾಗಲೂ ಕಳುಹಿಸಿದವರು ನಿಜವಾಗಿ ಅವರೇನಾ ಎಂದು ಕೇಳುವ ಏರ್ಪಾಟನ್ನು ಅದರಲ್ಲಿ ಇಡಲಿಲ್ಲ. ಅದು ಪರಸ್ಪರ ಪರಿಚಯವಿದ್ದ ವಿದ್ವಾಂಸರ ಕೂಟ. ಮನೆಗೆ ಬಾಗಿಲಿದ್ದರೂ ಚಿಲಕ ಬೇಕೆನಿಸಿರಲಿಲ್ಲ. 'ಸ್ಪ್ಯಾಮ್' ಎಂಬ ಹೆಸರು ಬಂದದ್ದು ಡಬ್ಬಿಯಲ್ಲಿ ಸಿಗುವ ಒಂದು ಮಾಂಸದಿಂದ. 1970ರ ಒಂದು ಬ್ರಿಟಿಷ್ ಹಾಸ್ಯನಾಟಕದಲ್ಲಿ ಹೋಟೆಲಿನ ಯಾವ ತಿಂಡಿ ಕೇಳಿದರೂ ಅದೇ ಡಬ್ಬಿ ಮಾಂಸ ಸೇರಿರುತ್ತದೆ.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ, ಅದೂ ಮೊದಲು ಮಹಾನಗರಗಳಲ್ಲಿ. ಮರುವರ್ಷದ ಜುಲೈನಲ್ಲಿ, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತಮ್ಮ ಜೊತೆಗಾರನೊಡನೆ ಅಮೆರಿಕದಲ್ಲಿ 'ಹಾಟ್‌ಮೇಲ್' ಆರಂಭಿಸಿದರು. ಹಣವಿಲ್ಲದೆ ವಿಳಾಸ ಸಿಗುವಂತಾಯಿತು. ಸಣ್ಣ ಊರುಗಳಲ್ಲಿ ಬಸ್ ನಿಲ್ದಾಣದ ಬಳಿ ಸೈಬರ್ ಕೇಂದ್ರಗಳು ತೆರೆದುಕೊಂಡವು. ಗಂಟೆಗೆ ಇಷ್ಟೆಂದು ತೆತ್ತು ಕುಳಿತ ಹುಡುಗ ತನ್ನ ಪೆಟ್ಟಿಗೆ ತೆರೆಯುವಾಗ ಅರ್ಧ ಹೊತ್ತು ಕಸ ಅಳಿಸುವುದರಲ್ಲೇ ಕಳೆಯುತ್ತಿತ್ತು. 1854ಕ್ಕೆ ಹಿಂದಿನ ವ್ಯವಸ್ಥೆ ಬೇರೆ ವೇಷದಲ್ಲಿ ಮರಳಿ ಬಂದಿತ್ತು. ಖರ್ಚು ಮತ್ತೆ ಪಡೆಯುವವನದೇ ಆಯಿತು.

ಮೊದಲು ಬಂದ ಜರಡಿ ಕಪ್ಪುಪಟ್ಟಿ. ಇಂಟರ್‌ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಅಂಕೆಗಳ ಒಂದು ವಿಳಾಸವಿರುತ್ತದೆ. ಕಸ ಕಳುಹಿಸುವ ವಿಳಾಸಗಳನ್ನು ಪಟ್ಟಿ ಮಾಡಿ, ಅಲ್ಲಿಂದ ಬಂದದ್ದನ್ನು ಹೊಸ್ತಿಲಲ್ಲೇ ತಿರುಗಿಸುವುದು ಇದರ ಕ್ರಮ. 1997ರಲ್ಲಿ ಪಾಲ್ ವಿಕ್ಸಿ ಮತ್ತು ಡೇವ್ ರ‍್ಯಾಂಡ್ ಇಂಥ ಪಟ್ಟಿಯನ್ನು ಎಲ್ಲರ ಬಳಕೆಗೆ ಬಿಟ್ಟರು. 1998ರಲ್ಲಿ ಸ್ಟೀವ್ ಲಿನ್‌ಫರ್ಡ್ 'ಸ್ಪ್ಯಾಮ್‌ಹೌಸ್' ಆರಂಭಿಸಿದರು. ಇದರ ಗುಣ ದೊಡ್ಡದು. ಓಲೆಯನ್ನು ಓದುವ ಗೋಜಿಲ್ಲ, ಕಂಪ್ಯೂಟರಿಗೆ ಶ್ರಮವಿಲ್ಲ, ಗುಟ್ಟು ಬಯಲಾಗುವ ಭಯವಿಲ್ಲ. 2008ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ 'ಮೆಕೋಲೊ' ಎಂಬ ಒಂದು ಸಂಸ್ಥೆಯ ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಹೆಚ್ಚು ಇಳಿದುಹೋಯಿತು. ಕೆಲವೇ ತಿಂಗಳಲ್ಲಿ ಅದು ಬೇರೆ ದಾರಿ ಹಿಡಿದು ಮರಳಿತೆಂಬುದು ಬೇರೆ ಮಾತು.

ದೋಷವೂ ಅಷ್ಟೇ ದೊಡ್ಡದು. ಹಳೆಯ ಮೈಸೂರಿನ ಉಕ್ಕಡಗಳಲ್ಲಿ ಸುಂಕದವನು ಗಾಡಿ ಯಾವ ಕಡೆಯಿಂದ ಬಂತು ಎಂಬುದನ್ನು ಮಾತ್ರ ನೋಡಿ ತಡೆದನೆನ್ನಿ, ಆಗ ಆ ದಿಕ್ಕಿನ ಊರಿಗೆ ಊರೇ ದಂಡ ತೆತ್ತಂತೆ. ಕಪ್ಪುಪಟ್ಟಿಯ ನ್ಯಾಯ ಇಂಥದು. ಒಂದೇ ಅಂಕೆಯ ವಿಳಾಸವನ್ನು ನೂರಾರು ಗಿರಾಕಿಗಳು ಹಂಚಿಕೊಳ್ಳುವುದುಂಟು. ಅವರಲ್ಲಿ ಒಬ್ಬನ ಕಂಪ್ಯೂಟರಿಗೆ ವೈರಸ್ ಹೊಕ್ಕು ಅದು ತಾನಾಗಿ ಕಸ ಉಗುಳಿದರೆ ಉಳಿದವರ ಓಲೆಗಳೂ ನಿಲ್ಲುತ್ತವೆ. ಮನೆಯ ಬ್ರಾಡ್‌ಬ್ಯಾಂಡ್ ವಿಳಾಸಗಳನ್ನಂತೂ, ಅಲ್ಲಿಂದ ನೇರವಾಗಿ ಇ-ಮೇಲ್ ಬರಬೇಕಾಗಿಯೇ ಇಲ್ಲ ಎಂಬ ವಾದದ ಮೇಲೆ, ಸಗಟಾಗಿ ಪಟ್ಟಿಗೆ ಸೇರಿಸುವ ಪದ್ಧತಿಯಿದೆ. ಊರಿನ ಒಂದು ಸಹಕಾರ ಸಂಘ ತನ್ನದೇ ಯಂತ್ರವಿಟ್ಟು ಸದಸ್ಯರಿಗೆ ಸುತ್ತೋಲೆ ಕಳುಹಿಸುತ್ತೇನೆಂದರೆ ಆಗದು. ಹೆಸರು ತೆಗೆಸಬೇಕಾದರೆ ದೂರದೇಶದ ಪಟ್ಟಿಗಾರನಿಗೆ ಇಂಗ್ಲಿಷಿನಲ್ಲಿ ಮನವಿ ಮಾಡಿಕೊಳ್ಳಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ಬಂದ ದಾರಿ ಬಿಟ್ಟು ಬರೆದದ್ದನ್ನು ನೋಡುವುದು ಎರಡನೆಯ ಬಗೆ. ಜಸ್ಟಿನ್ ಮೇಸನ್ 2001ರಲ್ಲಿ ಹೊರತಂದ 'ಸ್ಪ್ಯಾಮ್ ಅಸ್ಸಾಸಿನ್' ಇದಕ್ಕೆ ಹೆಸರಾದದ್ದು. ನೂರಾರು ನಿಯಮಗಳು, ಒಂದೊಂದಕ್ಕೂ ಇಷ್ಟು ಅಂಕ. ಪರೀಕ್ಷೆಯಲ್ಲಿ ಅಂಕ ಹೆಚ್ಚಿದರೆ ತೇರ್ಗಡೆ, ಇಲ್ಲಿ ಹೆಚ್ಚಿದರೆ ನಪಾಸು. ರೂಢಿಯ ಗಡಿ ಐದು. ಬಿಡುಗಣ್ಣಿನಿಂದ ಎಲ್ಲರೂ ನೋಡಬಹುದಾದ ಈ ಪಾರದರ್ಶಕತೆ ನನಗೆ ಮೆಚ್ಚುಗೆಯಾದದ್ದು. ಯಾವ ನಿಯಮಕ್ಕೆ ಎಷ್ಟು ಅಂಕ ಬಿದ್ದು ಓಲೆ ಸಿಕ್ಕಿಬಿತ್ತು ಎಂಬುದು ಓಲೆಯ ತಲೆಯಲ್ಲೇ ದಾಖಲಾಗುತ್ತದೆ. ಆದರೆ ನಿಯಮ ಬರೆದವರ ಲೋಕ ಎಷ್ಟೋ ನಿಯಮವೂ ಅಷ್ಟೇ. ದೂರದ ಭವಿಷ್ಯದ ತಾರೀಖು ಹಾಕಿದ ಓಲೆ ಕಳ್ಳ ಓಲೆ ಎಂದು ಒಂದು ನಿಯಮವಿತ್ತು. ಅದನ್ನು ಬರೆದಾಗ 2010 ದೂರದ ಭವಿಷ್ಯವಾಗಿತ್ತು! 2010ರ ಜನವರಿ 1 ಬಂದೊಡನೆ ಜಗತ್ತಿನ ಒಳ್ಳೆಯ ಓಲೆಗಳೆಲ್ಲ ಆ ನಿಯಮದಡಿ ಅಂಕ ಹೊತ್ತುಕೊಂಡವು.

ಈಗ ನಮ್ಮ ಎರಡು ಊರುಗಳ ಕಥೆಗೆ ಬರೋಣ. ಯೂನಿಕೋಡ್ ಬಳಕೆಗೆ ಬರುವ ಮೊದಲು, ಬಂದ ಮೇಲೂ ಬಹುಕಾಲ, ಕನ್ನಡವನ್ನು ಕಂಪ್ಯೂಟರಿನಲ್ಲಿ ಕೂಡಿಸುತ್ತಿದ್ದುದು ಒಂದು ಉಪಾಯದಿಂದ. ಕನ್ನಡ ಗಣಕ ಪರಿಷತ್ತಿನ 'ನುಡಿ', 1998ರಲ್ಲಿ ಬಂದ 'ಬರಹ' ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಗಳು ಯೂರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಬಾಡಿಗೆಗೆ ಕುಳಿತಿದ್ದವು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಕಾಣುವುದು ತಲೆಯ ಮೇಲೆ ಟೊಪ್ಪಿ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಗಜಿಬಿಜಿ. ಅದರಲ್ಲಿ 'ನ' ಅಕ್ಷರ ಕುಳಿತ ಮನೆ ಬ್ರಿಟಿಷ್ ಪೌಂಡಿನ ಗುರುತಿನದು. 'ಪ' ಕುಳಿತದ್ದು ಜಪಾನಿನ ಯೆನ್ ಗುರುತಿನ ಮನೆಯಲ್ಲಿ. ಹೀಗಾಗಿ ಫಾಂಟ್ ಇಲ್ಲದ ಯಂತ್ರದ ಕಣ್ಣಿಗೆ ನಂಜನಗೂಡು ಎಂಬ ಹೆಸರಿನಲ್ಲಿ ಎರಡು ಪೌಂಡ್. ನರಸೀಪುರದಲ್ಲಿ ಒಂದು ಪೌಂಡ್, ಒಂದು ಯೆನ್.

ಆಗ ಬ್ರಿಟನ್ನಿನ ಲಾಟರಿಯಲ್ಲಿ ಇಷ್ಟು ಲಕ್ಷ ಪೌಂಡ್ ಗೆದ್ದಿದ್ದೀರಿ ಎಂಬ ಓಲೆಗಳದೇ ಹಾವಳಿ. ಪೌಂಡಿನ ಗುರುತಿರಲಿ, ವಿಷಯದ ಸಾಲಿನಲ್ಲಿ ಇಂಥ 'ನಿಯಮಬಾಹಿರ' ಅಕ್ಷರಗಳು ಹೆಚ್ಚಿಗೆ ಕಂಡರೇ ಅಂಕ ಹಾಕುವ ನಿಯಮ ಜರಡಿಯಲ್ಲಿತ್ತು. ಯಂತ್ರದ ಯಜಮಾನನಿಗೆ ಗೊತ್ತಿಲ್ಲದ ಲಿಪಿಯೆಂದು ಗುರುತಾದರೆ ಅದಕ್ಕೂ ಅಂಕ ಹಾಕಬಹುದಿತ್ತು. ತಾಲ್ಲೂಕಿನ ಕಚೇರಿಯಿಂದಲೋ ಶಾಲೆಯಿಂದಲೋ 'ನುಡಿ'ಯಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೆಯೇ ಇ-ಮೇಲ್‌ಗೆ ಅಂಟಿಸಿ ಕಳುಹಿಸಿದರೆ, ತಪ್ಪೇನೂ ಮಾಡದೆಯೇ ಅದು ಕಳ್ಳರ ಸಾಲಿಗೆ ಸೇರುವ ಸಂಭವವಿತ್ತು. ಜರಡಿ ಹೆಣೆದವರಿಗೆ ಕನ್ನಡದ ಮೇಲೆ ಹಗೆಯಿರಲಿಲ್ಲ. ಅವರ ಕಣ್ಣಿಗೆ ಕನ್ನಡವೆಂಬುದು ಬಿದ್ದೇ ಇರಲಿಲ್ಲ, ಅಷ್ಟೆ.

ನಿಯಮ ಬರೆಯುವ ಬದಲು ಯಂತ್ರವೇ ಕಲಿಯಲಿ ಎಂಬುದು ಮುಂದಿನ ಹೆಜ್ಜೆ. 1761ರಲ್ಲಿ ತೀರಿಕೊಂಡ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಸಂಭವನೀಯತೆಯ ಗಣಿತ ಇಲ್ಲಿ ನೆರವಿಗೆ ಬಂತು. 1998ರಲ್ಲೇ ಸಂಶೋಧಕರು ಇದನ್ನು ಪ್ರಯೋಗಿಸಿದ್ದರೂ, ಜನಪ್ರಿಯವಾದದ್ದು 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಬರೆದ ಒಂದು ಪ್ರಬಂಧದಿಂದ. ಒಳ್ಳೆಯ ಓಲೆಗಳ ಒಂದು ರಾಶಿ, ಕೆಟ್ಟವುಗಳ ಒಂದು ರಾಶಿ ಮಾಡಿ, ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಸಲ ಬಂತೆಂದು ಎಣಿಸುವುದು, ಹೊಸ ಓಲೆ ಬಂದಾಗ ಅದರ ಪದಗಳ ಸಾಕ್ಷ್ಯವನ್ನು ಕೂಡಿಸಿ ತೀರ್ಪು ಕೊಡುವುದು. ಇದರ ಸೊಗಸೆಂದರೆ ತೀರ್ಪು ಆಯಾ ಮನುಷ್ಯನಿಗೆ ಹೊಂದಿಕೊಳ್ಳುತ್ತದೆ. 'ಸಾಲ' ಎಂಬ ಪದ ಎಲ್ಲರಿಗೂ ಅನುಮಾನದ್ದೆನಿಸಿದರೂ ಸಹಕಾರ ಬ್ಯಾಂಕಿನ ಗುಮಾಸ್ತರಿಗೆ ಅದು ದಿನನಿತ್ಯದ ಅನ್ನ. ಅವರ ಜರಡಿ ಅದನ್ನು ಕಲಿತುಕೊಳ್ಳುತ್ತದೆ. ಕಳ್ಳರೇನು ಸುಮ್ಮನಿರಲಿಲ್ಲ. ಅಕ್ಷರದ ಬದಲು ಅಂಕಿ ಹಾಕಿ ಪದ ಕೆಡಿಸಿದರು, ಓಲೆಯ ಬಾಲಕ್ಕೆ ಕಾದಂಬರಿಯ ಸಾಲು ಅಂಟಿಸಿದರು, ಬರಹವನ್ನೇ ಬಿಟ್ಟು ಚಿತ್ರ ಕಳುಹಿಸಿದರು.

ಕನ್ನಡಕ್ಕೆ ಇಲ್ಲಿಯೂ ಬೇರೆಯ ತೊಡಕಿದೆ. ಪದವನ್ನು ಎಣಿಸುವ ಯಂತ್ರಕ್ಕೆ ಇಂಗ್ಲಿಷಿನಲ್ಲಿ 'ಪ್ರೈಜ್' ಎಂಬುದು ಹೆಚ್ಚುಕಡಿಮೆ ಒಂದೇ ಪದ. ನಮ್ಮಲ್ಲಿ ಬಹುಮಾನ, ಬಹುಮಾನದ, ಬಹುಮಾನಕ್ಕೆ, ಬಹುಮಾನವನ್ನು, ಬಹುಮಾನವಾಗಿ, ಬಹುಮಾನವೂ ಎಲ್ಲವೂ ಬೇರೆ ಬೇರೆ ಪದಗಳಾಗಿಬಿಡುತ್ತವೆ. ಸಾಕ್ಷ್ಯ ಚೂರುಚೂರಾಗುತ್ತದೆ. ಅಷ್ಟೇ ಚೆನ್ನಾಗಿ ಕಲಿಯಬೇಕಾದರೆ ಹಲವು ಪಟ್ಟು ಹೆಚ್ಚು ಓಲೆ ಬೇಕು, ಆದರೆ ಕನ್ನಡದಲ್ಲಿ ಓಲೆ ಬರೆಯುವವರು ಇಂಗ್ಲಿಷಿಗಿಂತ ತೀರ ಕಡಿಮೆ. ಯೂನಿಕೋಡ್ ಬಂದ ಮೇಲೆ ಪೌಂಡಿನ ಗೊಂದಲ ತೀರಿತಾದರೂ ಹೊಸದೊಂದು ಸೇರಿಕೊಂಡಿತು. 'ಮೈಸೂರ್‌ಪಾಕ್' ಎಂದು ಒತ್ತಕ್ಷರವಾಗದಂತೆ ಬರೆಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಇಡಬೇಕು. ಪದಗಳನ್ನು ಒಡೆದು ಜರಡಿಯ ಕಣ್ಣು ತಪ್ಪಿಸಲು ಸ್ಪ್ಯಾಮ್‌ನವರು ಬಳಸುವುದೂ ಇಂಥ ಕಾಣದ ಗುರುತುಗಳನ್ನೇ. ಇದು ಯಾವ ಭಾಷೆ ಎಂದು ತಿಳಿಯದ ಜರಡಿಗೆ ಪಾಕಕ್ಕೂ ಪಾಪಕ್ಕೂ ವ್ಯತ್ಯಾಸ ಕಾಣುವುದು ಕಷ್ಟ.

ಚೀಟಿಯ ಖರ್ಚನ್ನು ಮತ್ತೆ ತಂದರೆ ಹೇಗೆ ಎಂದೂ ಯೋಚಿಸಿದವರಿದ್ದಾರೆ. ಪ್ರತಿ ಓಲೆಗೂ ಕಳುಹಿಸುವವನ ಕಂಪ್ಯೂಟರ್ ಒಂದು ಲೆಕ್ಕ ಬಿಡಿಸಿ ಬೆವರು ಸುರಿಸಲಿ ಎಂದು ಸಿಂಥಿಯಾ ಡ್ವರ್ಕ್, ಮೋನಿ ನಾವೋರ್ 1992ರಲ್ಲಿ ಸೂಚಿಸಿದರು. 1997ರಲ್ಲಿ ಆಡಂ ಬ್ಯಾಕ್ 'ಹ್ಯಾಶ್‌ಕ್ಯಾಶ್' ಎಂಬ ಹೆಸರಿನಲ್ಲಿ ಅದನ್ನು ಮಾಡಿಯೂ ತೋರಿಸಿದರು. ಕದ್ದ ಸಾವಿರಾರು ಕಂಪ್ಯೂಟರುಗಳಿಂದ ಕಸ ಕಳುಹಿಸುವವನಿಗೆ ಬೆವರು ಇನ್ನೊಬ್ಬರದು. ಹಳೆಯ ಕಂಪ್ಯೂಟರ್ ಇಟ್ಟುಕೊಂಡ ಬಡವನೇ ಏದುಸಿರು ಬಿಡಬೇಕು. ಎರಡು ವರ್ಷದಲ್ಲಿ ಸ್ಪ್ಯಾಮ್ ಇಲ್ಲವಾಗುತ್ತದೆ ಎಂದು ಬಿಲ್ ಗೇಟ್ಸ್ 2004ರ ಜನವರಿಯಲ್ಲಿ ಹೇಳಿದ್ದನ್ನು ನೆನೆದರೆ ಈಗ ನಗು ಬರುತ್ತದೆ. 2003ರಲ್ಲಿ ಇವಾನ್ ಹ್ಯಾರಿಸ್ ಸೂಚಿಸಿದ ಉಪಾಯ ಸರಳವಾದದ್ದು. ಅಪರಿಚಿತ ಓಲೆ ಬಂದರೆ 'ಆಮೇಲೆ ಬಾ' ಎನ್ನುವುದು. ಸಂಭಾವಿತ ಮತ್ತೆ ಬರುತ್ತಾನೆ, ಕಳ್ಳನಿಗೆ ಪುರುಸೊತ್ತಿಲ್ಲ. ಆದರೆ ಹತ್ತು ನಿಮಿಷಕ್ಕೆ ಹಳಸುವ ಒಟಿಪಿ ಇಪ್ಪತ್ತು ನಿಮಿಷ ತಡವಾಗಿ ಬಂದರೆ ಯಾರಿಗೆ ಪ್ರಯೋಜನ?

ಓಲೆಗೆ ಮುದ್ರೆ ಒತ್ತಿ ಕಳುಹಿಸಿದವರ ಗುರುತು ಖಚಿತಪಡಿಸುವ ಕ್ರಮಗಳು 2000ದ ದಶಕದಿಂದ ಒಂದೊಂದಾಗಿ ಬಂದವು. ಬ್ಯಾಂಕಿನ ವೇಷ ಹಾಕುವವರನ್ನು ಹಿಡಿಯಲು ಇವು ನಿಜಕ್ಕೂ ಉಪಯುಕ್ತ. ಕಳ್ಳನೂ ತನ್ನ ಹೆಸರಿನಲ್ಲಿ ಮುದ್ರೆ ಮಾಡಿಸಬಹುದೆಂಬುದು ಅವುಗಳ ಮಿತಿ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಕಂಪನಿಗಳು ಸಗಟಾಗಿ ಓಲೆ ಕಳುಹಿಸುವವರಿಗೆ ಈ ಮುದ್ರೆಗಳನ್ನು ಕಡ್ಡಾಯ ಮಾಡಿವೆ. ಸಗಟು ಎಂದರೆ ದಿನಕ್ಕೆ 5,000 ಎಂಬುದು ಗೂಗಲ್ ಹಾಕಿಕೊಂಡ ಗೆರೆ.

ತಂತ್ರಜ್ಞರನ್ನು ಬಿಟ್ಟು ಸರ್ಕಾರ ಜರಡಿ ಹಿಡಿದಾಗ ಏನಾಯಿತೆಂಬುದಕ್ಕೆ ನಮ್ಮಲ್ಲೇ ನಿದರ್ಶನಗಳಿವೆ. ಭಾರತದಲ್ಲಿ ಇ-ಮೇಲ್ ಸ್ಪ್ಯಾಮ್‌ಗೆಂದೇ ಬೇರೆ ಕಾಯಿದೆ ಬರಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಸೇರಿ 2009ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ 66ಎ ಕಲಮು ಮಾತ್ರ ಅದರ ಹತ್ತಿರಕ್ಕೆ ಬರುತ್ತಿತ್ತು. ಕಿರಿಕಿರಿ ಮಾಡಲು, ಕಳುಹಿಸಿದವರ ಗುರುತು ಮರೆಸಿ ಮೋಸಮಾಡಲು ಕಳುಹಿಸುವ ಇ-ಮೇಲ್‌ಗೂ ಅದರಲ್ಲಿ ಮೂರು ವರ್ಷದವರೆಗೆ ಸೆರೆಯ ಶಿಕ್ಷೆಯಿತ್ತು. ಸಿಕ್ಕಿಬಿದ್ದವರು ಮಾತ್ರ ಬೇರೆಯವರು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನ ಇಬ್ಬರು ಯುವತಿಯರು ಫೇಸ್‌ಬುಕ್ ಬರಹವೊಂದಕ್ಕಾಗಿ ಬಂಧನಕ್ಕೊಳಗಾದರು. 'ಕಿರಿಕಿರಿ' ಎಂಬ ಪದದ ಜಾಳು ತೀರ ಸಡಿಲ ಎಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಇಡೀ ಕಲಮನ್ನೇ ರದ್ದುಮಾಡಿತು.

ನಮ್ಮ ಹಳ್ಳಿಗಳ ಬಹುಜನಕ್ಕೆ ಇ-ಮೇಲ್‌ಗಿಂತ ಹತ್ತಿರವಾದದ್ದು ಮೊಬೈಲಿನ ಎಸ್ಸೆಮ್ಮೆಸ್. 2012ರ ಆಗಸ್ಟ್ 15ರಿಂದ ಕೆಲವು ದಿನ, ಗಾಳಿಸುದ್ದಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿ ಊರು ಬಿಟ್ಟರು. ಸುದ್ದಿ ಹಬ್ಬಿದ ದಾರಿಗಳಲ್ಲಿ ಎಸ್ಸೆಮ್ಮೆಸ್ ಒಂದು. ಕೇಂದ್ರ ಸರ್ಕಾರ ದೇಶಕ್ಕೆಲ್ಲ ಅನ್ವಯವಾಗುವಂತೆ ಸಗಟು ಸಂದೇಶ ನಿಲ್ಲಿಸಿ, ಒಬ್ಬರು ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಜನರಿಗೆ ಕಳುಹಿಸಬಾರದೆಂದು ಕಟ್ಟು ಹಾಕಿತು. ಮುಂದೆ ಇಪ್ಪತ್ತಕ್ಕೆ ಏರಿಸಿ, ತಿಂಗಳ ಕೊನೆಗೆ ತೆಗೆಯಿತು. ಎಣಿಸಿ ತಡೆಯುವ ಜರಡಿಗೆ ಅರ್ಥ ಗೊತ್ತಾಗುವುದಿಲ್ಲ. ವದಂತಿಯ ವೇಗ ಕುಗ್ಗಿಸಲು ಆ ಹೊತ್ತಿಗೆ ಬೇರೆ ಬೇಗದ ದಾರಿ ಇರಲಿಲ್ಲವೆಂದು ಒಪ್ಪಬಹುದು. ಆದರೆ ಹೆದರಬೇಡಿ, ಇಲ್ಲೇ ಇರಿ ಎಂದು ಧೈರ್ಯ ಹೇಳುವ ಸಂದೇಶಕ್ಕೂ, ಆಗಸ್ಟ್ 20ರಂದು ಬಂದ ರಂಜಾನ್ ಹಬ್ಬದ ಶುಭಾಶಯಕ್ಕೂ ಅದೇ ಕಟ್ಟು ಬಿತ್ತು.

ವ್ಯಾಪಾರಿ ಸಂದೇಶ ಕಳುಹಿಸುವವರು ತಮ್ಮ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು, ಹೊಂದದ್ದು ನಿಲ್ಲಬೇಕು ಎಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮ ಕಾಗದದ ಮೇಲೆ ಅತ್ಯುತ್ತಮವಾದದ್ದು. 2021ರ ಮಾರ್ಚ್ 8ರಂದು ಜರಡಿ ನಿಜವಾಗಿ ಚಾಲೂ ಆದಾಗ, ಮಾದರಿ ನೋಂದಾಯಿಸದ ಸಂಸ್ಥೆಗಳ ಒಟಿಪಿಗಳು ದೇಶದ ಉದ್ದಗಲಕ್ಕೂ ನಿಂತುಹೋದವು. ಬ್ಯಾಂಕಿನ ಹಣ ಕದಲಲಿಲ್ಲ. ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಆರಂಭವಾಗಿ ವಾರವಷ್ಟೇ ಆಗಿತ್ತು, ಅದರ ನೋಂದಣಿಗೂ ಅಡ್ಡಿಯಾಯಿತು. ತಪ್ಪು ಮಾಡಿದ್ದು ನೋಂದಾಯಿಸದ ಸಂಸ್ಥೆ, ಫೋನ್ ಹಿಡಿದು ಕಾದು ಕುಳಿತವರು ಬೇರೆ ಯಾರೋ. ಪ್ರಾಧಿಕಾರ ಜರಡಿಯನ್ನು ಒಂದು ವಾರ ಪಕ್ಕಕ್ಕಿಟ್ಟಿತು.

ಇವುಗಳಲ್ಲಿ ಯಾವುದು ಲೇಸು ಎಂದು ಕೇಳಿದರೆ, ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ ತಪ್ಪಿದಾಗ ಬಾಯಿ ಬಿಟ್ಟು ಹೇಳುತ್ತದೆಯೇ ಎಂದು ನಾನು ನೋಡುತ್ತೇನೆ. ಹೊಸ್ತಿಲಲ್ಲೇ ತಿರುಗಿಸುವ ಕಪ್ಪುಪಟ್ಟಿ ಎಷ್ಟು ಒರಟಾದರೂ ಕಳುಹಿಸಿದವನಿಗೆ 'ಹೋಗಲಿಲ್ಲ' ಎಂಬ ಉತ್ತರ ಮುಟ್ಟುತ್ತದೆ. ಅವನು ಫೋನಾದರೂ ಮಾಡಬಹುದು. ಜಾಣ ಜರಡಿಗಳು ಹಾಗಲ್ಲ. ಓಲೆಯನ್ನು ವಿನಯದಿಂದ ಬರಮಾಡಿಕೊಂಡು ಸ್ಪ್ಯಾಮ್ ಮೂಲೆಗೆ ಹಾಕಿ ಸುಮ್ಮನಾಗುತ್ತವೆ. ಕಳುಹಿಸಿದವನು ಮುಟ್ಟಿತೆಂದುಕೊಳ್ಳುತ್ತಾನೆ, ಪಡೆಯಬೇಕಾದವನು ಬರಲೇ ಇಲ್ಲವೆಂದುಕೊಳ್ಳುತ್ತಾನೆ. ಕೆಲಸದ ಸಂದರ್ಶನದ ಕರೆ ಅಲ್ಲಿ ಬಿದ್ದಿದ್ದರೆ ತಾರೀಖು ಕಳೆದುಹೋಗುತ್ತದೆ. ವಿಳಾಸದಾರ ಸಿಗದ ಕಾಗದವನ್ನು ಅಂಚೆ ಇಲಾಖೆ ಕಳುಹಿಸಿದವರಿಗೆ ಹಿಂತಿರುಗಿಸುತ್ತದೆ. ಅವರ ವಿಳಾಸವೂ ಹೊರಗೆ ಕಾಣದಿದ್ದರೆ ಒಡೆದು ಹುಡುಕಲೆಂದೇ ಬೇರೆ ಕಚೇರಿಯನ್ನು ಇಟ್ಟಿತ್ತು. ಜಿ-ಮೇಲ್‌ನ ಸ್ಪ್ಯಾಮ್ ಮೂಲೆಯಲ್ಲಿ ಬಿದ್ದದ್ದು 30 ದಿನ ಕಾದು ತಾನಾಗಿ ಅಳಿಸಿಹೋಗುತ್ತದೆ. ವಾರಕ್ಕೊಮ್ಮೆ ಅದನ್ನು ತೆರೆದು ಕೈಯಿಂದ ಆರಿಸುವ ಕೆಲಸ ಮಾತ್ರ ಇನ್ನೂ ನಮ್ಮದೇ.